ಶಂಖದೊಳಗೆ ಬೆಳಕು

ಬದುಕಿರುವ ಮನುಷ್ಯನ ತಲೆಯ ಮೂಳೆಯನ್ನು ಕೊರೆಯದೆ, ಅದರ ಒಳಗಿರುವ ಜೀವಕೋಶವನ್ನು ಮೊದಲ ಸಲ ಕಣ್ಣಾರೆ ಕಂಡ ದಿನ ದಾಕ್ಷಾಯಣಿಗೆ ನೆನಪಾದದ್ದು ಗದಗಿನಲ್ಲಿದ್ದ ತಮ್ಮ ಷಣ್ಮುಖ. ಪಕ್ಕದಲ್ಲಿ ಎಂಜಿನಿಯರ್ ಪ್ರಹ್ಲಾದ ಕಟ್ಟಿ ಒಂದು ಕಿವಿಯನ್ನು ಯಂತ್ರಕ್ಕೆ ಒಪ್ಪಿಸಿ ಮಗ್ಗುಲಾಗಿ ಮಲಗಿದ್ದ. ಪರದೆಯ ಮೇಲೆ ಕಾಣುತ್ತಿದ್ದದ್ದು ಅವನ ಕಿವಿಯ ಒಳಗು.

"ಕಾಣಸ್ಲಿಕ್ಕತ್ತದೇನ್ರಿ ಮೇಡಂ? ನನಗ ಒಂದ ಮಾತು ಹೇಳ್ರಿ, ಕತ್ತು ಹಿಡಕೊಂಡದ," ಎಂದ ಕಟ್ಟಿ.

"ಕಾಣ್ತೈತಿ. ಮಾತಾಡಬ್ಯಾಡ್ರಿ, ದವಡಿ ಅಲುಗಾಡ್ತೈತಿ," ಎಂದಳು ದಾಕ್ಷಾಯಣಿ.

ಧಾರವಾಡದ ಆ ಸಂಶೋಧನಾ ಕೇಂದ್ರದಲ್ಲಿ ಅವರಿಬ್ಬರೂ ವರ್ಷಗಟ್ಟಲೆ ಗುದ್ದಾಡಿದ್ದು ಒಂದೇ ಪ್ರಶ್ನೆಯ ಜೊತೆ. ಅಂಗೈಯ ಹಿಂದೆ ಬ್ಯಾಟರಿ ಹಿಡಿದರೆ ಕೈ ಕೆಂಪಗೆ ಹೊಳೆಯುತ್ತದೆ, ಆದರೆ ಒಳಗೇನಿದೆ ಎಂದು ಕಾಣುವುದಿಲ್ಲ. ಬೆಳಕು ಮೈಯೊಳಗೆ ಹೋಗುವುದೇ ಇಲ್ಲ ಎಂದಲ್ಲ. ಹೋಗುತ್ತದೆ, ಆದರೆ ಪ್ರತಿಯೊಂದು ಕೋಶದ ಗೋಡೆಗೂ ತಾಗಿ ತಾಗಿ ದಿಕ್ಕು ತಪ್ಪುತ್ತದೆ; ಚಿತ್ರ ಹಾಲಿನಲ್ಲಿ ಕಲಸಿದ ಹಾಗೆ ಕಲಸಿಹೋಗುತ್ತದೆ. ಆದರೆ ಕಲಸಿದ್ದೆಲ್ಲ ಕಳೆದುಹೋದದ್ದಲ್ಲ. ಬೆಳಕು ಎಲ್ಲೆಲ್ಲಿ ಎಷ್ಟೆಷ್ಟು ತಿರುಗಿತು ಎಂಬುದನ್ನು ಅಳೆದರೆ, ಅದಕ್ಕೆ ಸರಿಯಾಗಿ ತಿರುಚಿದ ಬೆಳಕನ್ನೇ ಹೊರಗಿನಿಂದ ಕಳಿಸಬಹುದು. ಆಗ ಮೈಯೇ ಆ ತಿರುಚನ್ನು ಬಿಡಿಸಿ, ಒಳಗೆ ಬೇಕಾದ ಒಂದು ಚುಕ್ಕೆಯಲ್ಲಿ ಬೆಳಕನ್ನು ಕೂಡಿಸಿಕೊಡುತ್ತದೆ. ಈ ಕೆಲಸಕ್ಕೆ ಅವರ ಬಳಿ ಲಕ್ಷಗಟ್ಟಲೆ ಪುಟಾಣಿ ತುಣುಕುಗಳ ಒಂದು ಕನ್ನಡಿಯಿತ್ತು. ಒಂದೊಂದು ತುಣುಕೂ ತನ್ನ ಪಾಲಿನ ಬೆಳಕನ್ನು ಬೇರೆ ಬೇರೆಯಾಗಿ ಬಾಗಿಸುತ್ತಿತ್ತು. ಒಳಗೆ ಎಲ್ಲಿ ಕೂಡಬೇಕು ಎಂಬುದನ್ನು ಕಿವಿಗೆ ಕೇಳದಷ್ಟು ಸಣ್ಣ ಅಲೆಯ ಧ್ವನಿಯೊಂದು ಗುರುತು ಮಾಡಿ ತೋರಿಸುತ್ತಿತ್ತು. ಒಂದು ಚುಕ್ಕೆ, ಅದರ ಪಕ್ಕ ಇನ್ನೊಂದು ಚುಕ್ಕೆ, ಹೀಗೆ ಚಿತ್ರ ಮೂಡುತ್ತಿತ್ತು.

ತೊಡಕಿದ್ದದ್ದು ಬೇರೆ ಕಡೆ. ಮೈ ಸುಮ್ಮನಿರುವುದಿಲ್ಲ. ರಕ್ತ ಹರಿಯುತ್ತದೆ, ಉಸಿರು ಆಡುತ್ತದೆ. ಈಗ ಅಳೆದದ್ದು ರೆಪ್ಪೆ ಬಡಿಯುವಷ್ಟರಲ್ಲಿ ಹಳತಾಗುತ್ತದೆ. ಅದಕ್ಕೇ ಬೇರೆಲ್ಲ ಪ್ರಯೋಗಾಲಯಗಳು ಮೆತ್ತಗಿನ, ತೆಳ್ಳಗಿನ ಜಾಗಗಳನ್ನು ಹುಡುಕುತ್ತಿದ್ದವು. ದಾಕ್ಷಾಯಣಿ ಮಾತ್ರ ಎಲ್ಲರೂ ಕೈಬಿಟ್ಟ ಕಡೆಗೆ ಹೊರಳಿದಳು. ಕಿವಿಯ ಹಿಂದಿನ ಮೂಳೆ ದೇಹದಲ್ಲೇ ಗಟ್ಟಿ. ಅದರೊಳಗೆ ಸುರುಳಿ ಸುತ್ತಿದ, ಸದ್ದು ಕೇಳುವ ಶಂಖವಿದೆ. ಆ ಮೂಳೆ ಬೆಳಕನ್ನು ಚಿಂದಿ ಮಾಡುತ್ತದೆ, ನಿಜ. ಆದರೆ ಅಲುಗಾಡುವುದಿಲ್ಲ. "ಎಲವು ದಡ್ಡದ, ಆದ್ರ ಸುಮ್ನ ಕೂಡತದ," ಎಂದು ಕಟ್ಟಿ ನಗುತ್ತಿದ್ದ. ಅಳೆಯಲು ಕೊಂಚ ಹೊತ್ತು ಸಿಕ್ಕರೆ ಸಾಕಾಗಿತ್ತು ಅವರಿಗೆ. ಯಂತ್ರಕ್ಕೆ ಮರುಬೆಳಕು ಎಂದು ಹೆಸರಿಟ್ಟುಕೊಂಡಿದ್ದರು.

ಬಣ್ಣ ಹಾಕುವ ಅಗತ್ಯವೂ ಇರಲಿಲ್ಲ. ಬದುಕಿರುವ ಕೋಶ ತನ್ನ ಉಸಿರಾಟದ ಕೆಲಸದಲ್ಲಿ ತಾನೇ ಸಣ್ಣಗೆ ಹೊಳೆಯುತ್ತದೆ, ಸತ್ತದ್ದು ಹೊಳೆಯುವುದಿಲ್ಲ. ಕಟ್ಟಿಯ ಶಂಖದಲ್ಲಿ ಸಾಲು ಸಾಲಾಗಿ ಹೊಳೆಯುತ್ತಿದ್ದ ಕೋಶಗಳನ್ನು ನೋಡುತ್ತ ದಾಕ್ಷಾಯಣಿ ಅಂದುಕೊಂಡಳು: ಷಣ್ಮುಖನಿಗೆ ಇಲ್ಲಿ ಬರೀ ಕತ್ತಲೆ ಇರಬೇಕು.

ಷಣ್ಮುಖ ಹುಟ್ಟಿನಿಂದ ಕಿವುಡ. ಅವನಿಗಿಂತ ಮೂರು ವರ್ಷ ದೊಡ್ಡವಳಾದ ದಾಕ್ಷಾಯಣಿ ಬಾಲ್ಯವನ್ನೆಲ್ಲ ಅವನ ಕೈಮಾತನ್ನು ಊರವರ ಬಾಯಿಮಾತಿಗೆ, ಊರವರ ಬಾಯಿಮಾತನ್ನು ಅವನ ಕೈಮಾತಿಗೆ ತರುತ್ತ ಕಳೆದವಳು. ಈಗ ಅವನು ಗದಗಿನ ದೊಡ್ಡ ಮುದ್ರಣಾಲಯವೊಂದರಲ್ಲಿ ಆಫ್‌ಸೆಟ್ ಯಂತ್ರ ನಡೆಸುತ್ತಿದ್ದ. ಬೇರೆಯವರು ಕಿವಿಗೆ ಹತ್ತಿ ತುರುಕಿಕೊಂಡು ಕೆಲಸ ಮಾಡುವ ಕಡೆ ಅವನು ಆರಾಮಾಗಿ ನಿಲ್ಲುತ್ತಿದ್ದ. ಸೋದರಮಾವನ ಮಗಳು ಸುಮಂಗಲಾಳನ್ನೇ ಮದುವೆಯಾಗಿದ್ದ. ಅವಳೂ ಕಿವುಡಿ, ಆದರೆ ಹುಟ್ಟಾ ಅಲ್ಲ, ಐದನೇ ವಯಸ್ಸಿನಲ್ಲಿ ಮಿದುಳುಜ್ವರ ಬಂದು ಕಿವಿ ಹೋಗಿತ್ತು. ಇಬ್ಬರಿಗೂ ಈಗ ಒಂದು ಹೆಣ್ಣುಮಗು ಹುಟ್ಟಿತ್ತು. ಕಾಗದದ ಮೇಲೆ ಚಿನ್ಮಯಿ. ಮನೆಯಲ್ಲಿ, ಕೆನ್ನೆಯ ಗುಳಿಯನ್ನು ಬೆರಳಿನಿಂದ ಒತ್ತಿ ತೋರಿಸುವುದೇ ಅವಳ ಹೆಸರು.

ಆ ವಾರವೇ ಗದಗಿನಿಂದ ವಿಡಿಯೊ ಕರೆ ಬಂತು. ಪರದೆಯ ತುಂಬ ಸುಮಂಗಲಾಳ ಕೈಗಳು. ಆಸ್ಪತ್ರೆಯಲ್ಲಿ ಕೂಸಿನ ಕಿವಿ ಪರೀಕ್ಷೆ ಮಾಡಿದ್ದರು. ಕೇಳಿಸುವುದಿಲ್ಲ ಎಂದಿದ್ದರು.

ದಾಕ್ಷಾಯಣಿ ಭಾನುವಾರ ಗದಗಿಗೆ ಹೋದಳು. ತಮ್ಮ ಪೇಟೆಯಿಂದ ಮಿರ್ಚಿ ಭಜಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದ. ಯಾರೂ ಮುಟ್ಟಲಿಲ್ಲ. ಕೈಮಾತನ್ನು ಬಾಯಿಮಾತಿಗೆ ತಂದರೆ ಅರ್ಧ ಉದುರಿಹೋಗುತ್ತದೆ. ಉಳಿದರ್ಧ ಹೀಗಿತ್ತು.

"ಅಕ್ಕಾ, ನಿನ್ನ ಮಷೀನ್‌ನ್ಯಾಗ ಕೂಸಿನ ಕಿವಿ ನೋಡಾಕ ಬರ್ತೈತೇನು?" ಎಂದು ಸುಮಂಗಲಾ ಕೇಳಿದಳು.

ಉತ್ತರಕ್ಕೆ ಮೊದಲೇ ಷಣ್ಮುಖ ಅಡ್ಡ ಬಂದ. "ನೋಡಿ ಏನ್ ಮಾಡ್ತೀರಿ? ಕೂಸಿಗೆ ಜಡ್ಡಾಗೇತೇನು? ಹಾಲು ಕುಡೀತೈತಿ, ನಗತೈತಿ, ನಾ ಕೈ ಆಡಿಸಿದ್ರ ಕಣ್ಣು ಮಿಟುಕಿಸದ ನೋಡ್ತೈತಿ. ನನಗ ಏನು ಕಮ್ಮಿ ಆಗೇತಿ ಅಂತ ಆಕಿಗೆ ಕಮ್ಮಿ ಆಗತೈತಿ?"

"ಕಮ್ಮಿ ಅಂತ ನಾ ಅಂದಿಲ್ಲ," ಎಂದಳು ಸುಮಂಗಲಾ. "ಆದ್ರ ಗೊತ್ತಾದ್ರ ಏನ್ ತಪ್ಪು?"

"ಗೊತ್ತಾದ ಮ್ಯಾಲ ಸುಮ್ಮನಿರಾಕ ಬಿಡ್ತಾರೇನು ಮಂದಿ?"

ದಾಕ್ಷಾಯಣಿ ಇಬ್ಬರ ಮುಖವನ್ನೂ ನೋಡಿದಳು. "ನಿಮ್ಮಿಬ್ಬರ ಒಪ್ಪಿಗಿ ಇಲ್ಲದ ನಾ ಕೂಸಿನ್ನ ಮುಟ್ಟಂಗಿಲ್ಲ," ಎಂದಳು. ಅಷ್ಟು ಹೇಳಿದ್ದು ಅವಳಿಗೇ ಕಷ್ಟವಾಗಿತ್ತು. ಮಗು ಅವಳ ತೊಡೆಯ ಮೇಲೆ ಮಲಗಿ ಅವಳ ಬಳೆಗಳನ್ನು ಎಳೆಯುತ್ತಿತ್ತು, ಆ ಕಿವಿ ಅವಳ ಕಣ್ಣೆದುರಿಗೇ ಇತ್ತು.

ಷಣ್ಮುಖ ಎದ್ದು ಹೊರಗೆ ಹೋದ, ಒಂದಿಷ್ಟು ಹೊತ್ತು ಕಟ್ಟೆಯ ಮೇಲೆ ಕುಳಿತ, ಮತ್ತೆ ಒಳಗೆ ಬಂದ. "ಮೊದಲ ನಂದು ನೋಡು," ಎಂದ. "ಸಣ್ಣವಿದ್ದಾಗಿಂದ ಎಲ್ಲಾ ಡಾಕ್ಟರು ಒಂದ ಮಾತು ಹೇಳ್ಯಾರ. ನರ ಸತ್ತೈತಿ, ನರ ಸತ್ತೈತಿ. ಸತ್ತಿದ್ದು ಹೆಂಗಿರ್ತೈತಿ ನಾನೂ ನೋಡೇ ಬಿಡ್ತೀನಿ. ನಂದು ಸತ್ತಿದ್ರ ಕೂಸಿಂದೂ ಹಂಗ ಇರ್ತೈತಿ. ಈ ಮಾತು ಅಲ್ಲಿಗೆ ಮುಗೀತು."

ಹೀಗೆ ಷಣ್ಮುಖ ಧಾರವಾಡಕ್ಕೆ ಬಂದ. ಕಟ್ಟಿ ಅವನನ್ನು ಮಗ್ಗುಲಾಗಿ ಮಲಗಿಸಿ, ಕಿವಿಯ ಹಿಂದೆ ತಣ್ಣನೆಯ ಲೇಪ ಹಚ್ಚಿ, ಯಂತ್ರದ ಮೂತಿಯನ್ನು ಒತ್ತಿ ನಿಲ್ಲಿಸಿದ. ಮಲಗಿದವನಿಗೂ ಕಾಣುವ ಹಾಗೆ ಎದುರಿಗೆ ಇನ್ನೊಂದು ಪರದೆ ಇಟ್ಟಿದ್ದರು. ಮೊದಲಿಗೆ ಅದರ ಮೇಲೆ ಕುದಿಯುವ ಗಂಜಿಯಂಥ ಬೂದುಬಣ್ಣ ಬಿಟ್ಟರೆ ಏನೂ ಇರಲಿಲ್ಲ. ಕನ್ನಡಿ ಅಳೆಯಿತು, ಬಾಗಿತು, ಮತ್ತೆ ಅಳೆಯಿತು. ಕುದಿ ನಿಧಾನಕ್ಕೆ ಇಳಿಯಿತು. ಬೂದಿಯೊಳಗಿಂದ ಚುಕ್ಕೆಗಳು ಎದ್ದವು.

ಒಂದು ಸಾಲು. ಅದರಾಚೆ ಮೂರು ಸಾಲು. ಹಳೆಯ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿಟ್ಟ ಹಾಗೆ, ಒಂದೂ ತಪ್ಪದೆ. ಎಲ್ಲವೂ ಹೊಳೆಯುತ್ತಿದ್ದವು.

ಕಟ್ಟಿ ಕುರ್ಚಿಯಿಂದ ಎದ್ದು ನಿಂತ. "ಮೇಡಂ, ಇವು ಸತ್ತಿಲ್ಲ."

ದಾಕ್ಷಾಯಣಿ ತಮ್ಮನ ಕಿವಿಗೆ ಒಂದು ಸಣ್ಣ ಕೊಳವೆಯಿಂದ ಸ್ವರವೊಂದನ್ನು ಬಿಟ್ಟಳು. ಹೊರಗಿನ ಮೂರು ಸಾಲಿನ ಕೋಶಗಳು ತಟಕ್ಕನೆ ಉದ್ದವಾದವು, ಗಿಡ್ಡವಾದವು, ಮತ್ತೆ ಉದ್ದವಾದವು. ಯಂತ್ರ ಅದನ್ನು ಕಣ್ಣಿಗೆ ಹಿಡಿಸುವಷ್ಟು ನಿಧಾನ ಮಾಡಿ ತೋರಿಸುತ್ತಿತ್ತು. ಷಣ್ಮುಖ ತಲೆ ಅಲುಗಾಡಿಸದೆ ಕೈಯೆತ್ತಿ ಕೇಳಿದ: "ಏನ್ ಮಾಡಾಕತ್ತಾವ ಅವು?"

ಅವನಿಗೆ ಕಾಣುವ ಹಾಗೆ ಅವಳು ಪರದೆಯ ಪಕ್ಕ ಬಂದು ನಿಂತಳು. "ನಾ ಸಪ್ಪಳ ಹಾಕೀನಿ. ಅದಕ್ಕ ಕುಣ್ಯಾಕತ್ತಾವ."

"ನಿಲ್ಲಸು."

ನಿಲ್ಲಿಸಿದಳು. ಸಾಲುಗಳು ತಣ್ಣಗಾದವು.

"ಹಾಕು."

ಮತ್ತೆ ಕುಣಿದವು. ನಾಲ್ಕಾರು ಸಲ ಹೀಗೇ ಮಾಡಿಸಿದ. ಆಮೇಲೆ, "ಮಷೀನ್ ಬ್ಯಾಡ. ನೀ ಬಾಯಿಲೆ ಏನರ ಹೇಳು," ಎಂದ.

ಕಿವುಡರ ಮನೆಯಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ. ಹೆಗಲು ತಟ್ಟುತ್ತಾರೆ, ನೆಲಕ್ಕೆ ಕಾಲು ಒದೆಯುತ್ತಾರೆ, ದೀಪ ಆರಿಸಿ ಹಚ್ಚುತ್ತಾರೆ. ತಮ್ಮನ ಹೆಸರನ್ನು ಅವಳು ಬೇರೆಯವರ ಎದುರಿಗೆ ಸಾವಿರ ಸಲ ಹೇಳಿದ್ದಳು, ಅವನಿಗೆ ಹೇಳಿರಲಿಲ್ಲ. ಬಗ್ಗಿ ಅವನ ಕಿವಿಯ ಹತ್ತಿರ, "ಷಣ್ಮುಖಾ," ಎಂದಳು.

ಜೋಳದ ಹೊಲದ ಮೇಲೆ ಗಾಳಿ ಹಾಯ್ದಂತೆ ಸಾಲುಗಳ ಮೇಲೆ ಒಂದು ಅಲೆ ಈ ತುದಿಯಿಂದ ಆ ತುದಿಗೆ ಓಡಿತು. ಷಣ್ಮುಖ ನೋಡಿದ. ಬಹಳ ಹೊತ್ತು ನೋಡಿದ. ಕೊನೆಗೆ ಅವನ ಕೈಗಳು ಹೀಗೆಂದವು: "ಇಷ್ಟು ವರ್ಸ ಇವು ಹಿಂಗ ಕುಣ್ಯಾಕತ್ತಿದ್ದುವೇನು? ನನಗ ಒಂದ ಮಾತು ಹೇಳದ?"

ಅದು ಯಾಕೆ ಹಾಗೆ ಎಂದು ವಿವರಿಸಿದವರು ಹುಬ್ಬಳ್ಳಿಯ ಕಿವಿ ಶಸ್ತ್ರವೈದ್ಯೆ ಡಾಕ್ಟರ್ ರುಖಿಯಾ ಮುಲ್ಲಾ. ಹೊರಗಿನ ಮೂರು ಸಾಲು ಸದ್ದನ್ನು ಎತ್ತಿ ದೊಡ್ಡದು ಮಾಡುತ್ತವೆ. ಒಳಗಿನ ಒಂದು ಸಾಲು ಅದನ್ನು ನರಕ್ಕೆ ದಾಟಿಸಬೇಕು. ದಾಟಿಸಲು ಒಂದು ಪ್ರೋಟೀನು ಬೇಕು. ಅದನ್ನು ಮಾಡುವ ಜೀನು ಷಣ್ಮುಖನಲ್ಲಿ ಹುಟ್ಟಿನಿಂದ ಕೆಟ್ಟಿತ್ತು. "ಅಂಚೆ ಬಂದೈತಿ, ಹಂಚಾವ ಇಲ್ಲ, ಅಷ್ಟ," ಎಂದರು ರುಖಿಯಾ. ಸುಮಂಗಲಾಳ ಕಿವಿಯನ್ನು ಕೆಡಿಸಿದ್ದು ಜ್ವರ. ಆದರೆ ಅದೇ ಮನೆತನದ ಅದೇ ಕೆಟ್ಟ ಜೀನಿನ ಒಂದು ಪ್ರತಿ ಅವಳಲ್ಲೂ ಅಡಗಿತ್ತು. ಮಗಳಿಗೆ ಎರಡೂ ಕಡೆಯಿಂದ ಬಂದು ಕೂಡಿತ್ತು.

ಇದಕ್ಕೆ ಮದ್ದು ಬಂದು ಕೆಲವು ವರ್ಷಗಳಾಗಿದ್ದವು. ಕೇಡು ಮಾಡದ ವೈರಾಣುವೊಂದರ ಮೇಲೆ ಸರಿಯಾದ ಜೀನನ್ನು ಹೊರಿಸಿ, ಒಂದು ಹನಿಯನ್ನು ಶಂಖದೊಳಗೆ ಬಿಡುವುದು. ಆದರೆ ಒಳಗಿನ ಕೋಶಗಳು ಎಷ್ಟರ ಮಟ್ಟಿಗೆ ಬದುಕಿವೆ ಎಂದು ತಿಳಿಯದೆ ವೈದ್ಯರು ಈವರೆಗೆ ಅಂದಾಜಿನ ಮೇಲೆ ಹನಿ ಬಿಡುತ್ತಿದ್ದರು. ಈಗ ಮರುಬೆಳಕಿನಲ್ಲಿ ನೋಡಿಯೇ ಬಿಡಬಹುದಿತ್ತು.

"ಸಣ್ಣ ಕೂಸಿಗಾದ್ರ ನಾ ಧೈರ್ಯಲೆ ಹೇಳ್ತೀನ್ರಿ," ಎಂದರು ಡಾಕ್ಟರು. "ಕೂಸಿನ ಮಿದುಳು ಇನ್ನೂ ಹಸಿ ಐತಿ, ಕಲೀತೈತಿ. ದೊಡ್ಡವರಿಗೆ ಹಂಗಲ್ಲ. ಸಪ್ಪಳ ಬರ್ತೈತಿ, ಮಾತು ಬರೂದಿಲ್ಲ. ಬರೇ ಗದ್ದಲ. ನಿಮ್ಮ ತಮ್ಮಗ ನಾ ಬ್ಯಾಡ ಅಂತೀನಿ."

ಗದಗಿನ ಮನೆಯಲ್ಲಿ ಆಮೇಲೆ ಆದದ್ದು ಜಗಳವೇ. ಕೈಯಿಂದ ಆಡುವ ಜಗಳಕ್ಕೆ ಸದ್ದಿಲ್ಲ ಎಂದು ಯಾರಾದರೂ ಅಂದುಕೊಂಡರೆ ತಪ್ಪು. ಅಂಗೈಗೆ ಅಂಗೈ ಬಡಿಯುತ್ತಿತ್ತು, ಪಾತ್ರೆ ಉರುಳುತ್ತಿತ್ತು, ಅದನ್ನು ಕೇಳುವವಳು ದಾಕ್ಷಾಯಣಿ ಒಬ್ಬಳೇ.

"ನಾ ಐದು ವರ್ಸ ಕೇಳೀನಿ," ಎಂದಳು ಸುಮಂಗಲಾ. "ನಮ್ಮವ್ವನ ದನಿ ಹೆಂಗಿತ್ತು ಈಗ ನೆನಪಿಲ್ಲ. ಆದ್ರ ಇತ್ತು ಅನ್ನೂದು ನೆನಪೈತಿ. ನನ್ನ ಮಗಳಿಗೆ ಅದು ಸಿಗೂದಿದ್ರ ನಾ ಯಾಕ ಬ್ಯಾಡ ಅನ್ನಲಿ?"

"ಸಿಕ್ಕ ಮ್ಯಾಲ ಆಕಿ ಕೇಳೂ ಮಂದೀ ಕಡೆ ಹೊಕ್ಕಾಳ. ಅವ್ವ ಅಪ್ಪನ ಕೈ ನೋಡಾಕ ಆಕಿಗೆ ಬ್ಯಾಸರ ಬರ್ತೈತಿ." ಷಣ್ಮುಖ ಅಕ್ಕನತ್ತ ತಿರುಗಿದ. "ನೀ ಹೇಳು. ನೀ ಆ ಕಡಿಯಾಕಿ. ಅಲ್ಲೆ ಹೆಂಗಿರ್ತೈತಿ?"

ದಾಕ್ಷಾಯಣಿಗೆ ಅದು ನೀರೊಳಗಿನ ಮೀನಿಗೆ ನೀರು ಹೇಗಿದೆ ಎಂದು ಕೇಳಿದಂತಾಗಿತ್ತು. ಅವಳಿಗೆ ಸದ್ದು ಇಲ್ಲದಿರುವುದು ಏನೆಂದೇ ಗೊತ್ತಿರಲಿಲ್ಲ, ಇರುವುದನ್ನು ಹೇಗೆ ವರ್ಣಿಸುತ್ತಾಳೆ? "ನನಗ ಹೇಳಾಕ ಬರೂದಿಲ್ಲೋ," ಎಂದಳು.

"ಹಂಗಾರ ನಾ ಹೋಗಿ ನೋಡ್ಕೊಂಡು ಬರ್ತೀನಿ," ಎಂದ ಷಣ್ಮುಖ. "ಕಾಣದ ಊರಿಗೆ ಹೆಣ್ಣುಮಗಳನ್ನ ಒಬ್ಬಾಕಿನ್ನ ಹೆಂಗ ಕಳಸ್ಲಿ? ಮೊದಲ ನಾ ಹೋಗ್ತೀನಿ. ಬಂದು ಹೇಳ್ತೀನಿ."

ರುಖಿಯಾ ಒಪ್ಪಲಿಲ್ಲ. ಷಣ್ಮುಖ ಮೂರು ಸಲ ಹುಬ್ಬಳ್ಳಿಗೆ ಹೋಗಿ ಅವರ ಕೋಣೆಯ ಎದುರು ಕುಳಿತ. ದೊಡ್ಡವರ ಮೇಲೆ ಆ ಮದ್ದಿನ ಪ್ರಯೋಗ ಆಗಷ್ಟೇ ಶುರುವಾಗಿತ್ತು. ಕೊನೆಗೆ ಬೇಕಾದ ಒಪ್ಪಿಗೆಗಳನ್ನೆಲ್ಲ ಪಡೆದು ಅವರು ಒಂದೇ ಕಿವಿಗೆ ಹನಿ ಬಿಟ್ಟರು. ಮದ್ದಿನ ಜೊತೆ ಒಂದು ಗುರುತನ್ನೂ ಸೇರಿಸಿದ್ದರು. ಕೋಶ ಸದ್ದನ್ನು ನರಕ್ಕೆ ದಾಟಿಸಿದಾಗಲೆಲ್ಲ ಅದು ಹಸಿರಾಗಿ ಮಿನುಗಬೇಕು. ಕೆಲವು ವಾರಗಳ ನಂತರ ಧಾರವಾಡದಲ್ಲಿ ಯಂತ್ರದ ಕೆಳಗೆ ಮಲಗಿಸಿದಾಗ ಒಳಗಿನ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ ಮಿನುಗಿತು. ಕಟ್ಟಿ ಖುಷಿಯಿಂದ ಮೇಜು ಗುದ್ದಿದ. ಷಣ್ಮುಖನಿಗೆ ಇನ್ನೂ ಏನೂ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಮನೆಯಲ್ಲಿ, ಕೈ ತೊಳೆಯುವಾಗ. ನಲ್ಲಿ ತಿರುಗಿಸಿದ, ತಲೆಯೊಳಗೆ ಏನೋ ಹರಿಯಿತು. ಕಿವಿ ನೋವು ಎಂದುಕೊಂಡ. ನಲ್ಲಿ ನಿಲ್ಲಿಸಿದ, ನಿಂತಿತು. ತಿರುಗಿಸಿದ, ಮತ್ತೆ ಬಂತು. ಅವನು ನಲ್ಲಿಯನ್ನು ಬಿಟ್ಟು ಹಿತ್ತಲಿಗೆ ಓಡಿದ. ಅಲ್ಲಿಯೂ ಏನೋ ಇತ್ತು, ಏನೆಂದು ಗೊತ್ತಾಗಲಿಲ್ಲ, ಎಲ್ಲಿಂದ ಎಂದೂ ಗೊತ್ತಾಗಲಿಲ್ಲ.

"ಸಪ್ಪಳ ಅಂದ್ರ ಇದಾ?" ಎಂದು ವಿಡಿಯೊ ಕರೆಯಲ್ಲಿ ಅಕ್ಕನನ್ನು ಕೇಳಿದ. "ತಲಿಯೊಳಗ ಯಾರೋ ಉಸುಕು ಸುರಿಯಾಕತ್ತಂಗ ಐತಿ. ನಿಲ್ಲವಲ್ದು."

ನಿಲ್ಲಲೇ ಇಲ್ಲ. ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ಇದು ಅವನಿಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ಕೇಳುವವರಿಗೆ ಅದು ಹೇಳುವಂಥ ಮಾತೆಂದು ಅನ್ನಿಸಿರಲಿಲ್ಲ. ಮಂಡಕ್ಕಿ ತಿನ್ನುವುದನ್ನು ಬಿಟ್ಟ, ತನ್ನ ಹಲ್ಲಿನ ಸದ್ದಿಗೆ ತಾನೇ ಬೆಚ್ಚುತ್ತಿದ್ದ. ದಾಕ್ಷಾಯಣಿ ಮಾತಾಡಿದ್ದೂ, ಕುರ್ಚಿ ಎಳೆದದ್ದೂ, ಬೀದಿಯಲ್ಲಿ ಗಾಡಿ ಹೋದದ್ದೂ ಅವನಿಗೆ ಒಂದೇ ಬಣ್ಣದ ಕೆಸರು. ಮುದ್ರಣಾಲಯದಲ್ಲಿ ಇಷ್ಟು ವರ್ಷ ನಿಂತ ಯಂತ್ರದ ಮುಂದೆ ನಿಲ್ಲಲಾಗಲಿಲ್ಲ. ಮಾಲೀಕರು ಒಳ್ಳೆಯವರು, ಪುಸ್ತಕ ಕಟ್ಟುವ ಕೋಣೆಗೆ ಹಾಕಿದರು. ಅಲ್ಲಿ ಹೆಂಗಸರ ಜೊತೆ ಕುಳಿತು ಹಾಳೆ ಮಡಿಸುತ್ತಿದ್ದ, ಕಿವಿಗೆ ಹತ್ತಿ ತುರುಕಿಕೊಂಡು.

ಒಂದು ಭಾನುವಾರ ದಾಕ್ಷಾಯಣಿ ಹೋದಾಗ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಹೆಗಲು ತಟ್ಟಿದಳು. ಎದ್ದು ಕುಳಿತು, "ನೀವೆಲ್ಲಾ ಇದರಾಗ ಹೆಂಗ ಬದಕ್ತೀರಿ?" ಎಂದು ಕೇಳಿದ. ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವನಿಗೆ.

ಅಂದು ಅವಳಿಗೆ ಹೊಳೆದ ಉತ್ತರ ಅವಳ ಯಂತ್ರದಿಂದಲೇ ಬಂದದ್ದು. "ನಿನ್ನ ಕಿವಿ ಮೊದಲನೇ ಸಲ ನೋಡಿದಾಗ ಪರದಿ ಮ್ಯಾಲ ಏನಿತ್ತು, ನೆನಪೈತಿ? ಬರೇ ಬೂದಿ. ಕನ್ನಡಿ ಕಲ್ತ ಮ್ಯಾಲ ಚಿತ್ರ ಬಂತು. ಬೆಳಕು ಬದಲಾಗಿರಲಿಲ್ಲ, ಕನ್ನಡಿ ಕಲ್ತಿತ್ತು. ನಾವೂ ಸಣ್ಣವರಿದ್ದಾಗ ಕಲ್ತೀವಿ. ಕಲ್ತಿದ್ದು ಗೊತ್ತಿಲ್ಲ ನಮಗ."

"ನಾ ಕಲೀತೀನೇನು?"

"ಸ್ವಲ್ಪ. ಎಲ್ಲಾ ಅಲ್ಲ." ಸುಳ್ಳು ಹೇಳುವುದು ಅವಳಿಗೆ ಆಗಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ಇಬ್ಬರೂ ಅಡುಗೆಮನೆಯಲ್ಲಿ ಕೂತರು. ಅವಳು ಸ್ಟೀಲಿನ ಲೋಟ ಬಡಿಯುವಳು, ಅವನು ನೋಡುವನು; ಅವನು ಕಣ್ಣು ಮುಚ್ಚುವನು, ಅವಳು ಮತ್ತೆ ಬಡಿಯುವಳು. ಆಮೇಲೆ ಬಳೆ. ಆಮೇಲೆ ಬಾಗಿಲ ಚಿಲಕ. ಸುಮಂಗಲಾಳ ಹೊಲಿಗೆ ಯಂತ್ರ. ಕುಕ್ಕರಿನ ಸೀಟಿ ಬಂದರೆ ಮೊದಲು ಓಡಿಹೋಗುತ್ತಿದ್ದವನು ಈಗ ಎದ್ದು ಒಲೆ ಆರಿಸತೊಡಗಿದ. ಬಾಯಿಮಾತು ಮಾತ್ರ ಒಂದಕ್ಷರವೂ ಬಿಡಿಬಿಡಿಯಾಗಲಿಲ್ಲ. ಡಾಕ್ಟರು ಹೇಳಿದಂತೆಯೇ ಆಗಿತ್ತು.

ಚಿನ್ಮಯಿ ಆಗ ಕೂರಲು ಕಲಿತಿತ್ತು. ಒಂದು ಮಧ್ಯಾಹ್ನ ಷಣ್ಮುಖ ಅದರ ಕಡೆ ಬೆನ್ನು ಮಾಡಿ ಕುಳಿತು, ಮನೆಗೆ ತಂದಿದ್ದ ಹಾಳೆಗಳನ್ನು ಮಡಿಸುತ್ತಿದ್ದ. ದಾಕ್ಷಾಯಣಿ, ಸುಮಂಗಲಾ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. ಕೇಳದ ಕೂಸುಗಳೂ ಕೂಗುತ್ತವೆ, ತಮ್ಮ ಕೂಗು ತಮಗೆ ಗೊತ್ತಿಲ್ಲದೆ. ಚಿನ್ಮಯಿ ಸುಮ್ಮನೆ ಒಂದು ಸಲ ಕೀರಿತು.

ಷಣ್ಮುಖ ತಿರುಗಿ ನೋಡಿದ.

ಕೂಸು ಅವನನ್ನೇ ದಿಟ್ಟಿಸಿತು. ಅದರ ಕಣ್ಣು ಅರಳಿತು. ಬೆನ್ನು ಮಾಡಿ ಕೂತ ಅಪ್ಪ ಯಾರೂ ಹೆಗಲು ತಟ್ಟದೆ ತಿರುಗಿದ್ದು ಅದು ಹುಟ್ಟಿದ ಮೇಲೆ ಇದೇ ಮೊದಲು. ಅವನು ಮತ್ತೆ ಹಾಳೆಗೆ ತಿರುಗಿದ. ಕೂಸು ಒಂದಿಷ್ಟು ತಡೆಯಿತು, ಗಂಟಲಲ್ಲಿ ಏನು ಮಾಡಿದ್ದೆ ಎಂದು ಹುಡುಕುವಂತೆ ಬಾಯಿ ತೆರೆದು ಮುಚ್ಚಿತು, ಆಮೇಲೆ ಮತ್ತೆ ಕೀರಿತು. ಅವನು ತಿರುಗಿದ. ಕೂಸು ಕೇಕೆ ಹಾಕಿ ನಕ್ಕಿತು. ಆ ನಗೆ ಮುಗಿಯುವವರೆಗೂ ಅವನು ಅದರತ್ತ ತಿರುಗಿಯೇ ಇದ್ದ.

ಅದು ಆಟವಾಯಿತು. ಕೂಗುವುದು, ತಿರುಗುವುದು, ನಗುವುದು. ಅಕ್ಕಿ ಅಲ್ಲಿಯೇ ಉಳಿಯಿತು. ಸುಮಂಗಲಾ ಸೆರಗು ಬಾಯಿಗೊತ್ತಿಕೊಂಡು ನೋಡುತ್ತಿದ್ದಳು. ಆಕೆಗೆ ಕೇಳದಿದ್ದರೂ ಆಗುತ್ತಿರುವುದು ಏನೆಂದು ಗೊತ್ತಾಗಿತ್ತು.

ಆಟ ಮುಗಿದು ಕೂಸು ದಣಿದು ಮಲಗಿದ ಮೇಲೆ ಷಣ್ಮುಖ ಇಬ್ಬರನ್ನೂ ಕರೆದು ಕೂರಿಸಿದ. "ನೋಡ್ಕೊಂಡು ಬಂದು ಹೇಳ್ತೀನಿ ಅಂದಿದ್ದೆ," ಎಂದ. "ಅಲ್ಲೆ ಗದ್ದಲ ಭಾಳ ಐತಿ. ನನಗ ಆ ಊರಾಗ ಮನಿ ಆಗೂದಿಲ್ಲ. ಅಲ್ಲಿ ಮಾತು ನನಗ ಬರೂದಿಲ್ಲ. ಆದ್ರ ಆಕಿ ಕರದ್ರ ನಾ ತಿರಗತೀನಿ ಈಗ. ನಾವು ಕರದ್ರ ಆಕಿನೂ ತಿರಗ್ಲಿ." ಬೆರಳೆತ್ತಿದ. "ಒಂದ ಮಾತು. ಕೈಮಾತು ಬಿಡಸಂಗಿಲ್ಲ. ಯಾ ಡಾಕ್ಟರು ಹೇಳಿದ್ರೂ ಬಿಡಸಂಗಿಲ್ಲ."

ರುಖಿಯಾ ಅದಕ್ಕೆ ತಕರಾರು ಮಾಡಲಿಲ್ಲ. "ಎರಡೂ ಇರ್ಲಿ. ಕೂಸಿಗೆ ಎರಡು ಊರು ಇದ್ರ ಏನ್ ಭಾರಾ?" ಎಂದರು.

ಕೂಸಿನ ಮೂಳೆ ತೆಳು. ಮರುಬೆಳಕಿಗೆ ಅದು ಹಗುರದ ಕೆಲಸ. ಹಾಲು ಕುಡಿದು ಅಮ್ಮನ ತೊಡೆಯ ಮೇಲೆ ನಿದ್ದೆಹೋದ ಚಿನ್ಮಯಿಯ ಶಂಖದಲ್ಲಿ ಸಾಲುಗಳೆಲ್ಲ ಹೊಳೆಯುತ್ತಿದ್ದವು, ಅಪ್ಪನವಕ್ಕಿಂತ ಒತ್ತೊತ್ತಾಗಿ. ಎರಡೂ ಕಿವಿಗೆ ಹನಿ ಬಿದ್ದಿತು. ವಾರಗಳು ಕಳೆದವು. ಷಣ್ಮುಖ ದಿನವೂ ಬೆಳಿಗ್ಗೆ ಕೂಸಿನ ಹಿಂದೆ ನಿಂತು ಲೋಟ ಬಡಿಯುತ್ತಿದ್ದ. ಕೂಸು ತಿರುಗುತ್ತಿರಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯ ಪರೀಕ್ಷೆಯ ಕೋಣೆಯಲ್ಲಿ ಹನಿಯ ಫಲ ನೋಡುವ ದಿನ ಬಹಳ ಜನ ಸೇರಿದ್ದರು. ಕಟ್ಟಿ ಯಂತ್ರವನ್ನು ಧಾರವಾಡದಿಂದ ವ್ಯಾನಿನಲ್ಲಿ ತಂದು ಜೋಡಿಸಿದ್ದ. ಇಬ್ಬರು ನರ್ಸುಗಳು, ಕಿರಿಯ ವೈದ್ಯರು, ಬಾಗಿಲಲ್ಲಿ ಇಣುಕುವ ಕೆಲವರು. ಮೊದಲು ಪರದೆಯ ಮೇಲೆ ನೋಡಿದರು. ಸ್ವರ ಬಿಟ್ಟಾಗ ಒಳಗಿನ ಸಾಲು ಈ ತುದಿಯಿಂದ ಆ ತುದಿಯವರೆಗೆ ಹಸಿರಾಯಿತು. ಅಪ್ಪನಲ್ಲಿ ಕಂಡ ಅಲ್ಲೊಂದು ಇಲ್ಲೊಂದು ಚುಕ್ಕೆಯಲ್ಲ, ದೀಪದ ಸರ ಹಚ್ಚಿದಂತೆ ಇಡೀ ಸಾಲು. ಕಟ್ಟಿ ಕಣ್ಣೊರೆಸಿಕೊಂಡ. ಕೂಸು ನಿದ್ದೆಯಲ್ಲಿ ಸ್ವಲ್ಪ ಮಿಸುಕಿತು, ಅಷ್ಟೇ.

ಅದು ಎಚ್ಚರವಾಗಿ ಅಮ್ಮನ ಮಡಿಲಲ್ಲಿ ಕೂತ ಮೇಲೆ ರುಖಿಯಾ ಅದರ ಬೆನ್ನ ಹಿಂದೆ ಹೋಗಿ ಒಂದು ಪುಟ್ಟ ಗಂಟೆಯನ್ನು ಅಲ್ಲಾಡಿಸಿದರು.

ಚಿನ್ಮಯಿ ಸ್ತಬ್ಧವಾಯಿತು. ಬಾಯಲ್ಲಿದ್ದ ಬೆರಳು ಅಲ್ಲಿಯೇ ನಿಂತಿತು. ರುಖಿಯಾ ಮತ್ತೆ ಅಲ್ಲಾಡಿಸಿದರು. ಕೂಸಿನ ತಲೆ ತಿರುಗಿತು.

ಕೋಣೆಯಲ್ಲಿದ್ದವರೆಲ್ಲ ಒಮ್ಮೆಲೇ ಚಪ್ಪಾಳೆ ಹೊಡೆದರು. ಯಾರೋ ಖುಷಿಯಿಂದ ಕೂಗಿದರು. ದಾಕ್ಷಾಯಣಿಯೂ ಚಪ್ಪಾಳೆ ಹೊಡೆಯುತ್ತಿದ್ದಳು, ಕಣ್ಣಲ್ಲಿ ನೀರು. ಕೂಸಿನ ಕೆಳದುಟಿ ನಡುಗಿತು. 'ಹ್ಹೆ' ಎಂದು ಅಳು ಎದ್ದಿತು, ಆ ಅಳು ಅದರ ಕಿವಿಗೇ ಬಿತ್ತು. ತನ್ನ ಹತ್ತಿರವೇ, ತನ್ನೊಳಗಿಂದಲೇ ಎದ್ದ ಈ ಸದ್ದು ಯಾವುದೆಂದು ಅದಕ್ಕೆ ತಿಳಿಯಲಿಲ್ಲ. ಹೆದರಿ ಇನ್ನೂ ಜೋರಾಗಿ ಅತ್ತಿತು, ಅದನ್ನು ಕೇಳಿ ಇನ್ನೂ ಹೆದರಿತು. ಸುಮಂಗಲಾ ತಟ್ಟಿದಳು, ತೂಗಿದಳು. ನರ್ಸು 'ಓಳೋಳೋ' ಎಂದು ಗಿಲಕಿ ಆಡಿಸಿದಳು. ಕೂಸು ಉಸಿರು ಕಟ್ಟುವಂತೆ ಅಳುತ್ತಿತ್ತು.

ಷಣ್ಮುಖ ಜನರನ್ನು ಸರಿಸಿಕೊಂಡು ಮುಂದೆ ಬಂದ. ತೆರೆದ ಅಂಗೈಯನ್ನು ಎತ್ತಿ ಕೋಣೆಯ ಸುತ್ತ ಒಮ್ಮೆ ತೋರಿಸಿದ. ಕೈಮಾತು ಬಾರದವರಿಗೂ ಅದು ಅರ್ಥವಾಯಿತು. ಚಪ್ಪಾಳೆ ನಿಂತಿತು. ಗಿಲಕಿ ನಿಂತಿತು. ಅವನು ಕೂಸಿನ ಎದುರು ಮೊಣಕಾಲೂರಿ ಕುಳಿತು, ತನ್ನ ಎರಡೂ ಅಂಗೈಗಳಿಂದ ಅದರ ಕಿವಿಗಳನ್ನು ಮುಚ್ಚಿದ.

ಆ ಕೋಣೆಯಲ್ಲಿ ಕೇಳುವವರು ಹತ್ತಾರು ಜನ ಇದ್ದರು. ಮೊದಲ ಸದ್ದು ಎಂಥದು ಎಂದು ಬಲ್ಲವನು ಅವನೊಬ್ಬನೇ.

ಕೂಸು ಅಪ್ಪನ ಮುಖ ನೋಡಿತು. ಅವನು ನಗಲಿಲ್ಲ, ಹುಬ್ಬು ಏರಿಸಲಿಲ್ಲ, ಏನೂ ಆಗಿಲ್ಲ ಎಂಬಂತೆ ಸುಮ್ಮನೆ ನೋಡುತ್ತಿದ್ದ. ಅಳು ಬಿಕ್ಕಿಗೆ ಇಳಿಯಿತು. ಬಿಕ್ಕು ಉಸಿರಿಗೆ ಇಳಿಯಿತು. ಆಗ ಅವನು ಬಲಗೈಯನ್ನು ಒಂದು ಬೆರಳಿನಷ್ಟು ಎತ್ತಿದ, ಕಾದ, ಮತ್ತೆ ಮುಚ್ಚಿದ. ಇನ್ನೊಮ್ಮೆ ಎತ್ತಿದ, ಈ ಸಲ ತುಸು ಹೆಚ್ಚು ಹೊತ್ತು.

ಸುಮಂಗಲಾ ಮಗಳ ಬೆನ್ನಿನ ಮೇಲಿದ್ದ ಕೈಯನ್ನು ಬಿಡಿಸಿಕೊಂಡು ದಾಕ್ಷಾಯಣಿಯನ್ನು ಕೇಳಿದಳು: "ಈಗ ಆಕಿಗೆ ಏನು ಕೇಳಸ್ತೈತಿ?"

ದಾಕ್ಷಾಯಣಿ ಕಿವಿಗೊಟ್ಟಳು. ಹಾಗೆ ಕಿವಿಗೊಟ್ಟು ಅವಳಿಗೆ ಎಷ್ಟೋ ವರ್ಷವಾಗಿತ್ತು. "ಏನಿಲ್ಲ," ಎಂದು ಕೈಯಿಂದ ಹೇಳಿದಳು, ಬಾಯಿಯಿಂದ ಹೇಳಿದರೆ ಸದ್ದಾದೀತೆಂದು. "ಫ್ಯಾನು ತಿರಗಾಕತ್ತೈತಿ. ಅಷ್ಟ."

ಷಣ್ಮುಖ ಎರಡೂ ಅಂಗೈಗಳನ್ನು ತೆಗೆದ. ಚಿನ್ಮಯಿ ಸ್ವಲ್ಪ ಹೊತ್ತು ಅಲುಗಾಡದೆ ಕೂತಿತ್ತು. ಆಮೇಲೆ ಒದ್ದೆ ಕಣ್ಣುಗಳನ್ನು ಅಪ್ಪನ ಮುಖದಿಂದ ಬಿಡಿಸಿ, ಮೆಲ್ಲಗೆ ತಲೆಯೆತ್ತಿ, ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿತು.